ಬೆರಳಿಲ್ಲದ ಗ್ಲೌಸು: ಕೆಟ್ಟಿರುವುದು ಎಲ್ಲಿ, ಬಿಚ್ಚಬೇಕಾದದ್ದು ಎಲ್ಲಿಂದ

ಧನುರ್ಮಾಸ ಬಂತೆಂದರೆ ಮೈಸೂರು ಸರಸ್ವತೀಪುರಂನ ನಮ್ಮ ಮನೆಗೆ ಎರಡು ಥರದ ಜನ ಬರುತ್ತಾರೆ. ಬೆಳಿಗ್ಗೆ ಐದಕ್ಕೆ ಮಾವನವರನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋಗುವ ಅವರ ವಾಕಿಂಗ್ ಸ್ನೇಹಿತರು ಒಂದು ಗುಂಪು. ಮಧ್ಯಾಹ್ನ ಮೂರರ ಮೇಲೆ, ಪ್ಲಾಸ್ಟಿಕ್ ಕವರಿನಲ್ಲಿ ಅರ್ಧ ಹೆಣೆದ ಗ್ಲೌಸು ಹಿಡಿದುಕೊಂಡು "ಇದಕ್ಕೇನಾಗಿದೆ ನೋಡಮ್ಮ ಸ್ವಲ್ಪ" ಎನ್ನುತ್ತ ಬರುವವರು ಇನ್ನೊಂದು ಗುಂಪು. ಸಾಮಾನ್ಯವಾಗಿ ಮೊದಲ ಗುಂಪಿನವರ ಕೈಗೆಂದೇ ಎರಡನೆಯ ಗುಂಪು ಹೆಣೆಯುತ್ತಿರುತ್ತದೆ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಡಿಸೆಂಬರಿನ ಗಾಳಿ ಬೀಸಿದರೆ ಅರವತ್ತು ದಾಟಿದವರ ಬೆರಳು ಸೆಟೆದುಕೊಳ್ಳುತ್ತದೆ. ಹಾಗಂತ ಪೂರ್ತಿ ಗ್ಲೌಸು ಹಾಕಿಕೊಂಡರೆ ದೊನ್ನೆಯಲ್ಲಿ ಕೊಟ್ಟ ಹುಗ್ಗಿ ತಿನ್ನುವ ಹಾಗಿಲ್ಲ, ಫೋನು ಒತ್ತುವ ಹಾಗಿಲ್ಲ. ಅದಕ್ಕೇ ಬೆರಳಿಲ್ಲದ್ದು.

ಎರಡು ಕೈಯಗಲದ ಈ ಸಣ್ಣ ಕೆಲಸ ಸ್ವೆಟರಿಗಿಂತ ಹೆಚ್ಚು ಕಾಡುತ್ತದೆ. ಸ್ವೆಟರಿನಲ್ಲಿ ಒಂದು ಸೆಂಟಿಮೀಟರ್ ಹೆಚ್ಚು ಕಡಿಮೆಯಾದರೆ ಯಾರಿಗೂ ಗೊತ್ತಾಗದು, ಗ್ಲೌಸಿನಲ್ಲಿ ಅಷ್ಟೇ ಆದರೆ ಕೈ ಹೋಗದು. ಜೊತೆಗೆ ಇಲ್ಲಿ ದೋಷ ಕಾಣಿಸುವ ಜಾಗ ಒಂದು, ಹುಟ್ಟಿದ ಜಾಗ ಇನ್ನೊಂದು. ಮಣಿಕಟ್ಟು ಮೇಲಕ್ಕೆ ಜಾರುತ್ತದೆ ಎಂದು ಮಣಿಕಟ್ಟನ್ನೇ ಬಿಚ್ಚಿ ಮೂರು ಸಲ ಹೆಣೆದವರನ್ನು ಕಂಡಿದ್ದೇನೆ, ತಪ್ಪಿದ್ದದ್ದು ಹೆಬ್ಬೆರಳಿನಲ್ಲಿ. ಆದ್ದರಿಂದ ಬಿಚ್ಚುವ ಮೊದಲು ಮೂರು ಕೆಲಸ ಮಾಡಿ. ಹಾಕಿಕೊಂಡು ಮುಷ್ಟಿ ಕಟ್ಟಿ, ಬಿಡಿ. ತೆಗೆದು ಒಳಮಗ್ಗುಲು ಹೊರಗೆ ತಿರುಗಿಸಿ ಬೆಳಕಿಗೆ ಹಿಡಿಯಿರಿ. ಆಮೇಲೆ ಕಡ್ಡಿಯ ಮೇಲಿನ ಕುಣಿಕೆ, ಅಂದರೆ ನೂಲಿನ ಒಂದೊಂದು ಸುರುಳಿ, ಎಣಿಸಿ. ಎಷ್ಟೋ ಸಲ ಇಷ್ಟರಲ್ಲೇ ಉತ್ತರ ಸಿಕ್ಕಿಬಿಡುತ್ತದೆ.

ಮುಂದೆ ಬರುವ ಲೆಕ್ಕವೆಲ್ಲ ನಾನು ಯಾವಾಗಲೂ ಹಾಕುವ ಒಂದೇ ಜೋಡಿಯದು: ಡಿಕೆ (ಡಬಲ್ ನಿಟ್) ಎನ್ನುವ ಮಧ್ಯಮ ದಪ್ಪದ ಉಲ್ಲನ್ (ಉಣ್ಣೆಯದಾಗಲಿ ಅಕ್ರಿಲಿಕ್ಕಿನದಾಗಲಿ, ಹೆಣೆಯುವ ನೂಲಿಗೆಲ್ಲ ನಾವು ಹೇಳುವುದು ಹಾಗೇ), 4 ಮಿ.ಮೀ. ಕಡ್ಡಿ, 10 ಸೆಂ.ಮೀ. ಅಗಲಕ್ಕೆ 22 ಕುಣಿಕೆ. ಮಣಿಕಟ್ಟಿನಿಂದ 40 ಕುಣಿಕೆ ಏರಿಸಿ ಸುತ್ತು ಸುತ್ತಾಗಿ ಹೆಣೆಯುವುದು. ಎರಡು ನಿಟ್ (ಎದುರಿಗೆ V ಆಕಾರ ಕಾಣುವ ಕುಣಿಕೆ) ಎರಡು ಪರ್ಲ್ (ಅದರ ಉಲ್ಟಾ, ಎದುರಿಗೆ ಅಡ್ಡ ಉಬ್ಬು ಕಾಣುವುದು) ಸೇರಿ ಹಿಗ್ಗುವ ಪಟ್ಟಿ, ಅಂದರೆ ರಿಬ್, 16 ಸುತ್ತು, ನಾಲ್ಕು ಸುತ್ತು ಬರೀ ನಿಟ್ಟಿನ ಸಾದಾ, ಆಮೇಲೆ ಹೆಬ್ಬೆರಳ ಬುಡಕ್ಕೆ ಜಾಗ ಕೊಡಲು ಕುಣಿಕೆ ಹೆಚ್ಚಿಸುತ್ತ ಹೋಗುವ ತ್ರಿಕೋನ. ನಲವತ್ತು ಕುಣಿಕೆ ಎಂದರೆ ಸುಮಾರು 18 ಸೆಂ.ಮೀ. ಸುತ್ತಳತೆ. ಅಂಗೈ ಗೆಣ್ಣಿನ ಬಳಿ 19–20 ಸೆಂ.ಮೀ. ಇರುವ ಕೈಗೆ ಇದು ಸರಿಯಾಗಿ ಕಚ್ಚಿ ಕೂರುತ್ತದೆ. ಅಳೆಯುವಾಗ ಹೆಬ್ಬೆರಳು ಬಿಟ್ಟು ಟೈಲರ್ ಟೇಪು ಸುತ್ತಿ.

ಕೈಯೇ ಹೋಗುತ್ತಿಲ್ಲ, ಅಥವಾ ಚೀಲದ ಹಾಗಿದೆ

ಮೊದಲು ಕಡ್ಡಿಯ ನಂಬರ್ ನೋಡಿ. ಈ ಒಂದು ವಿಷಯಕ್ಕೆ ಹಾಳಾದಷ್ಟು ಉಲ್ಲನ್ ಬೇರೆ ಯಾವುದಕ್ಕೂ ಹಾಳಾಗಿಲ್ಲ. ನಮ್ಮ ಅಂಗಡಿಗಳಲ್ಲಿ ಈಗಲೂ ಕೇಳುವುದು, ಕೊಡುವುದು ಹಳೆಯ ಇಂಗ್ಲಿಷ್ ನಂಬರಿನಲ್ಲಿ. ಅಲ್ಲಿ ನಂಬರ್ ಹೆಚ್ಚಿದಷ್ಟೂ ಕಡ್ಡಿ ಸಣ್ಣ: 8 ಅಂದರೆ 4 ಮಿ.ಮೀ., 10 ಅಂದರೆ 3.25 ಮಿ.ಮೀ. ಅಮೆರಿಕದವರದು ಪೂರಾ ಉಲ್ಟಾ, ನಂಬರ್ ಹೆಚ್ಚಿದಷ್ಟೂ ದಪ್ಪ: ಅವರ 8 ಎಂದರೆ 5 ಮಿ.ಮೀ., ಅವರ 6 ಎಂದರೆ ನಮ್ಮ 8. ಯೂಟ್ಯೂಬಿನಲ್ಲಿ ಅಮೆರಿಕದ ಹೆಂಗಸು "ಎಂಟನೇ ನಂಬರ್, 36 ಕುಣಿಕೆ" ಎನ್ನುತ್ತಾಳೆ. ಅವಳ ಉಲ್ಲನ್ನೂ ದಪ್ಪ, ಅವಳಿಗೆ 10 ಸೆಂ.ಮೀ.ಗೆ 18 ಕುಣಿಕೆ ಬಂದು 20 ಸೆಂ.ಮೀ. ಗ್ಲೌಸಾಗುತ್ತದೆ. ನೀವು ಶಿವರಾಂಪೇಟೆಯಿಂದ ತಂದ ಎಂಟನೇ ನಂಬರಿನಲ್ಲಿ, ಡಿಕೆಯಲ್ಲಿ, ಅದೇ 36 ಹಾಕಿದರೆ 16 ಸೆಂ.ಮೀ. ಚಿಲ್ಲರೆ ಆಗುತ್ತದೆ. ಅದು ಹೈಸ್ಕೂಲ್ ಮಗುವಿನ ಕೈಗೆ ಸರಿ. ನಂಬರ್ ಮರೆತುಬಿಡಿ, ಕಡ್ಡಿಯ ತಲೆಯ ಮೇಲೋ ಪ್ಯಾಕೆಟ್ಟಿನ ಮೇಲೋ ಇರುವ ಮಿಲಿಮೀಟರ್ ನೋಡಿ.

ಮಿಲಿಮೀಟರ್ ಸರಿಯಿದ್ದೂ ಬಿಗಿಯಾದರೆ, ನೀವು ಮಾದರಿ ತುಂಡನ್ನು ಹಿಂದೆ ಮುಂದೆ ಸಾಲು ಸಾಲಾಗಿ ಹೆಣೆದು ಅಳೆದಿರುತ್ತೀರಿ. ಬಹಳ ಜನರ ಪರ್ಲ್ ಸಡಿಲ, ನಿಟ್ ಬಿಗಿ. ಸಾಲಿನಲ್ಲಿ ಎರಡೂ ಬೆರೆತು 22 ಬರುತ್ತದೆ; ಸುತ್ತಿನಲ್ಲಿ ಬರೀ ನಿಟ್ ಆದ್ದರಿಂದ 24 ಆಗುತ್ತದೆ. ಆಗ ನಲವತ್ತು ಕುಣಿಕೆಗೆ 16.7 ಸೆಂ.ಮೀ. ಬಂತು. ಒಂದೂವರೆ ಸೆಂಟಿಮೀಟರ್ ಎಲ್ಲಿ ಹೋಯಿತು ಎಂದು ಹುಡುಕುವವರಿಗೆ ಅದು ಅಲ್ಲಿ ಹೋಯಿತು. ಕುಣಿಕೆ ಹೆಚ್ಚಿಸುವುದಕ್ಕಿಂತ ಕಡ್ಡಿ ಒಂದು ಗಾತ್ರ ದಪ್ಪ ಮಾಡುವುದು ಸುಲಭ.

ಇನ್ನೊಂದು ಬಗೆ ಇದೆ: ಮೈಯೆಲ್ಲ ಸರಿಯಾಗಿ ಹಿಗ್ಗುತ್ತದೆ, ಮಣಿಕಟ್ಟಿನ ಅಂಚು ಮಾತ್ರ ತಂತಿ ಕಟ್ಟಿದ ಹಾಗೆ ನಿಲ್ಲುತ್ತದೆ. ಅಂಚನ್ನೂ ರಿಬ್ಬನ್ನೂ ಜೊತೆಯಾಗಿ ಎಳೆದು ನೋಡಿದರೆ ತಿಳಿಯುತ್ತದೆ. ಕುಣಿಕೆ ಏರಿಸುವಾಗ ಒಂದಕ್ಕೊಂದು ಒತ್ತಿಕೊಂಡು ಕೂರಿಸಿದ್ದರ ಫಲ ಅದು. ಇದಕ್ಕಾಗಿ ಇಡೀ ಗ್ಲೌಸು ಬಿಚ್ಚಬೇಡಿ. ಮೊದಲ ಸುತ್ತಿನಲ್ಲಿ ಒಂದೇ ಒಂದು ಕುಣಿಕೆಯ ಕಾಲನ್ನು, ಅಂದರೆ ಅದರ ಒಂದು ಬದಿಯ ಎಳೆಯನ್ನು, ಕತ್ತರಿಸಿ, ಆ ಎಳೆಯನ್ನು ಸೂಜಿಮೊನೆಯಿಂದ ನಿಧಾನಕ್ಕೆ ಬಿಡಿಸುತ್ತ ಹೋದರೆ ಅಂಚು ಕಳಚಿ ಕೈಗೆ ಬರುತ್ತದೆ. ತೆರೆದುಕೊಂಡ ನಲವತ್ತು ಕುಣಿಕೆಯನ್ನು ಕಡ್ಡಿಗೆ ಎತ್ತಿಕೊಂಡು ಎರಡು ಗಾತ್ರ ದಪ್ಪದ ಕಡ್ಡಿಯಲ್ಲಿ ಸಡಿಲವಾಗಿ ಮುಚ್ಚಿ. ಕತ್ತರಿ ಹಾಕುವಾಗ ಎದೆ ಝಲ್ಲೆನ್ನುವುದು ನಿಜ. ಹಗಲು ಹೊತ್ತು, ಕಾಫಿ ಕುಡಿದು ಮಾಡಿ.

ಮೂವತ್ತು ವರ್ಷ ಸ್ವೆಟರ್ ಹಾಕಿದವರ ಗ್ಲೌಸು ತಿರುಚಿಕೊಂಡದ್ದು

ಹಿಂದಿನ ಬೀದಿಯ ಒಬ್ಬ ಹಿರಿಯರು, ನಾವೆಲ್ಲ ದೊಡ್ಡಮ್ಮ ಎನ್ನುತ್ತೇವೆ, ಮೊನ್ನೆ ಬಂದರು. ಮಕ್ಕಳು ಮೊಮ್ಮಕ್ಕಳಿಗೆಲ್ಲ ಸ್ವೆಟರ್ ಹಾಕಿಕೊಟ್ಟ ಕೈ. "ನನ್ ಕೈಲಿ ಇಂಥದ್ದು ಯಾವತ್ತೂ ಆಗಿಲ್ಲ ಕಣೇ. ಉಲ್ಲನ್ನೇ ಸರಿಯಿಲ್ಲ ಅನ್ಸತ್ತೆ," ಎಂದು ಗ್ಲೌಸು ಮೇಜಿನ ಮೇಲಿಟ್ಟರು. ರಿಬ್ ನೆಟ್ಟಗಿತ್ತು. ಅಲ್ಲಿಂದ ಮೇಲಕ್ಕೆ ಇಡೀ ಗ್ಲೌಸು ಹಿಂಡಿದ ಒದ್ದೆ ಟವೆಲಿನ ಹಾಗೆ ಒಂದೇ ಕಡೆಗೆ ಸುತ್ತಿಕೊಳ್ಳುತ್ತ ಹೋಗಿ, ಹೆಬ್ಬೆರಳು ಅಂಗೈ ಕಡೆಗೆ ಬಂದುಬಿಟ್ಟಿತ್ತು.

ಕಿಟಕಿ ಹತ್ತಿರ ಒಯ್ದು ಒಂದೇ ಒಂದು ಕುಣಿಕೆಯನ್ನು ಎರಡು ಉಗುರುಗಳ ನಡುವೆ ಹಿಗ್ಗಿಸಿದೆ. ಸಾದಾ ನಿಟ್ ಕುಣಿಕೆಯ ಎರಡು ಕಾಲು, ಇಂಗ್ಲಿಷಿನ V ಹಾಗೆ, ಬುಡದಲ್ಲಿ ಒಂದಕ್ಕೊಂದು ತಾಗಿ ಮೇಲೆ ಬಿಚ್ಚಿಕೊಂಡಿರಬೇಕು. ಇಲ್ಲಿ ಬುಡದಲ್ಲಿ ಒಂದು ಕಾಲು ಇನ್ನೊಂದರ ಮೇಲೆ ದಾಟಿ ಕೂತಿತ್ತು, ಚಕ್ಕಳ ಮಕ್ಕಳ ಹಾಕಿದವರ ಪಾದದ ಹಾಗೆ. ಪಕ್ಕದ್ದೂ ಹಾಗೇ, ಅದರ ಪಕ್ಕದ್ದೂ ಹಾಗೇ. ಪ್ರತಿ ಕುಣಿಕೆಯೂ ತಿರುಚಿಕೊಂಡಿದೆ, ಒಂದೇ ದಿಕ್ಕಿಗೆ. ಸಾವಿರಾರು ಸಣ್ಣ ತಿರುಚು ಸೇರಿದರೆ ಬಟ್ಟೆ ಓರೆಯಾಗದೆ ಇನ್ನೇನಾಗುತ್ತದೆ?

ಹಾಗಾದರೆ ಮೂವತ್ತು ವರ್ಷ ಸ್ವೆಟರ್ ಹೇಗೆ ನೆಟ್ಟಗೆ ಬಂತು? ದೊಡ್ಡಮ್ಮನ ಕೈಗೆ ಕಡ್ಡಿ ಕೊಟ್ಟು ಒಂದು ಸಾಲು ಪರ್ಲ್ ಮಾಡಿಸಿದಾಗ ಗೊತ್ತಾಯಿತು. ಪರ್ಲ್ ಮಾಡುವಾಗ ನೂಲನ್ನು ಕಡ್ಡಿಯ ಮೇಲಿಂದ ಸುತ್ತುವ ಬದಲು ಅವರು ಕಡ್ಡಿಯ ಅಡಿಯಿಂದ ಬಾಚಿ ಎಳೆದುಕೊಳ್ಳುತ್ತಾರೆ. ಬೇಗ ಆಗುತ್ತದೆ, ತಪ್ಪೂ ಅಲ್ಲ. ಆದರೆ ಹಾಗೆ ಮಾಡಿದ ಕುಣಿಕೆ ಕಡ್ಡಿಯ ಮೇಲೆ ಹಿಂದುಮುಂದಾಗಿ ಕೂರುತ್ತದೆ. ಮುಂದಿನ ನಿಟ್ ಸಾಲಿನಲ್ಲಿ ಅವರು ಕಡ್ಡಿಯನ್ನು ಕುಣಿಕೆಯ ಹಿಂಗಾಲಿಗೆ, ಅಂದರೆ ಎಡಗಡ್ಡಿಯ ಹಿಂದೆ ಇಳಿಯುವ ಎಳೆಗೆ, ಹಾಕುತ್ತಾರೆ, ಅಲ್ಲಿಗೆ ಸರಿಹೋಗುತ್ತದೆ. ಒಂದು ಅಭ್ಯಾಸ ಇನ್ನೊಂದನ್ನು ತಿದ್ದುತ್ತ ಬಂದಿದೆ. ಸುತ್ತಿನಲ್ಲಿ ಹೆಣೆಯುವಾಗ ಪರ್ಲ್ ಸಾಲೇ ಇಲ್ಲ. ಕುಣಿಕೆಗಳೆಲ್ಲ ನೆಟ್ಟಗೆ ಕೂತಿವೆ, ಅವರ ಕೈ ಮಾತ್ರ ಹಳೆಯ ರೂಢಿಯಂತೆ ಹಿಂಗಾಲಿಗೇ ಹೋಗುತ್ತಿದೆ. ಅದೇ ತಿರುಚು. ರಿಬ್ಬಿನ ನಿಟ್ ಕುಣಿಕೆಗಳಲ್ಲೂ ಆಗಿತ್ತು, ಆದರೆ ರಿಬ್ಬಿನಲ್ಲಿ ತಿರುಚಿದ ಕುಣಿಕೆ ಗೀಟು ಎಳೆದ ಹಾಗೆ ಚೆಂದವೇ ಕಾಣುತ್ತದೆ, ಹಾಗಾಗಿ ಸಿಕ್ಕಿಬೀಳಲಿಲ್ಲ.

ಪರಿಹಾರ ಒಂದೇ ಮಾತು: ಸುತ್ತಿನಲ್ಲಿ ಹೆಣೆಯುವಾಗ ನಿಟ್ಟಿಗೆ ಮುಂಗಾಲು. ಕುಣಿಕೆಯ ಯಾವ ಕಾಲು ಬಲಕ್ಕೆ ಮುಂದಾಗಿ ನಿಂತಿದೆಯೋ ಅದಕ್ಕೇ ಕಡ್ಡಿ ಹೋಗಬೇಕು. ಇದಕ್ಕೆ ತದ್ವಿರುದ್ಧದ ರೋಗವೂ ಉಂಟು. ಹೊಸಬರು ನಿಟ್ ಮಾಡುವಾಗಲೇ ನೂಲನ್ನು ತಪ್ಪು ದಿಕ್ಕಿಗೆ ಸುತ್ತಿ, ಮುಂಗಾಲಿಗೇ ಕಡ್ಡಿ ಹಾಕಿದರೂ ಇದೇ ತಿರುಚು ಬರುತ್ತದೆ. ಅವರಿಗೆ ಕಾಲಿನ ಮಾತು ಬೇಡ, ನೂಲು ಸುತ್ತುವ ದಿಕ್ಕು ತಿದ್ದಿದರೆ ಸಾಕು. ಇಬ್ಬರಿಗೂ ಒಂದೇ ಬುದ್ಧಿ ಹೇಳಿದರೆ ಒಬ್ಬರದು ಕೆಡುತ್ತದೆ. ಅದಕ್ಕೇ ನಾನು ಗ್ಲೌಸು ನೋಡುವುದರ ಜೊತೆ ಕೈಯನ್ನೂ ನೋಡುತ್ತೇನೆ.

ಈ ದೋಷಕ್ಕೆ ಬಿಚ್ಚದೆ ಗತಿಯಿಲ್ಲ. ಆದರೆ ಕಡ್ಡಿ ಎಳೆದು ಬಿಸಾಕಿ ಬಿಚ್ಚಬೇಡಿ. ರಿಬ್ ಮುಗಿದ ಸುತ್ತನ್ನು ಹುಡುಕಿ, ಒಂದು ಸಣ್ಣ ಕಡ್ಡಿಯನ್ನು ಆ ಸುತ್ತಿನ ಪ್ರತಿ ಕುಣಿಕೆಯ ಬಲಗಾಲಿಗೆ ಪೋಣಿಸಿಕೊಳ್ಳಿ, ನಲವತ್ತು ಇದೆಯೇ ಎಣಿಸಿ, ಆಮೇಲೆ ನೂಲು ಎಳೆಯಿರಿ. ತಾನಾಗಿ ಆ ಕಡ್ಡಿಗೆ ಬಂದು ನಿಲ್ಲುತ್ತದೆ.

ಕಡ್ಡಿ ಕಡ್ಡಿಯ ನಡುವೆ ಏಣಿ

ನಾಲ್ಕು ಕಡ್ಡಿಯಲ್ಲಿ ಸುತ್ತು ಹೆಣೆದಾಗ ಕಡ್ಡಿ ಬದಲಾಯಿಸುವ ಜಾಗದಲ್ಲಿ ಮೇಲಿಂದ ಕೆಳಗೆ ಸಡಿಲ ಗೆರೆಯೊಂದು ಬೀಳುತ್ತದೆ. ಒಳಮಗ್ಗುಲು ತಿರುಗಿಸಿದರೆ ಏಣಿಯ ಮೆಟ್ಟಿಲಿನಂತೆ ಉದ್ದುದ್ದ ಎಳೆಗಳು. ಎಲ್ಲರೂ ಮಾಡುವುದು ಹೊಸ ಕಡ್ಡಿಯ ಮೊದಲ ಕುಣಿಕೆಯನ್ನು ಜಗ್ಗಿ ಜಗ್ಗಿ ಎಳೆಯುವುದು. ಅದರಿಂದ ಅಷ್ಟೇನೂ ಆಗುವುದಿಲ್ಲ. ಮೊದಲನೆಯದನ್ನು ಸಾಧಾರಣವಾಗಿ ಹೆಣೆದು, ಎರಡನೆಯದಕ್ಕೆ ಕಡ್ಡಿ ಹಾಕಿದ ಮೇಲೆ ನೂಲು ಎಳೆಯಿರಿ. ಆಗ ಬಿಗಿಯಾಗುವುದು ಮೊದಲನೆಯದು. ಹೊಸ ಕಡ್ಡಿಯ ಮೊನೆಯನ್ನು ಹಳೆಯದಕ್ಕೆ ಒತ್ತಿ ಹಿಡಿದುಕೊಳ್ಳಿ, ಎರಡರ ನಡುವಿನ ಕೋನ ಅಗಲವಾದಷ್ಟೂ ಎಳೆ ಉದ್ದವಾಗುತ್ತದೆ. ಸಾದಾ ಭಾಗದಲ್ಲಾದರೆ ಪ್ರತಿ ಸುತ್ತಿಗೂ ಒಂದೆರಡು ಕುಣಿಕೆ ಮುಂದಕ್ಕೆ ದಾಟಿಸಿ, ಏಣಿ ಕಟ್ಟಿಕೊಳ್ಳಲು ಜಾಗವೇ ಇರುವುದಿಲ್ಲ. ಆಗ ಸುತ್ತಿನ ಆರಂಭ ತಪ್ಪಿಹೋಗದಂತೆ ಒಂದು ಸೇಫ್ಟಿ ಪಿನ್ ಚುಚ್ಚಿಟ್ಟುಕೊಳ್ಳಿ.

ಹೆಣೆದು ಮುಗಿದ ಮೇಲೆ ಕಂಡ ಏಣಿಗೂ ಮದ್ದಿದೆ. ಕ್ರೋಶಾ ಕಡ್ಡಿಯ ಮೊನೆಯಿಂದ ಆ ಉದ್ದದ ಎಳೆಯ ಸಡಿಲವನ್ನು ಪಕ್ಕದ ಕುಣಿಕೆಗೆ, ಅಲ್ಲಿಂದ ಅದರ ಪಕ್ಕಕ್ಕೆ, ಹೀಗೆ ಎರಡೂ ಕಡೆ ನಾಲ್ಕು ನಾಲ್ಕು ಕುಣಿಕೆಗೆ ಹಂಚಿಬಿಡಿ. ಟಿವಿ ನೋಡುತ್ತ ಮಾಡಬಹುದಾದ ಕೆಲಸ. ಅಸಲಿ ಉಣ್ಣೆಯಾದರೆ ಒಗೆದ ಮೇಲೆ ಅರ್ಧ ತಾನೇ ಹೋಗುತ್ತದೆ, ಅಕ್ರಿಲಿಕ್ಕಿನಲ್ಲಿ ಅಷ್ಟು ನಿರೀಕ್ಷೆ ಬೇಡ.

ಹೆಬ್ಬೆರಳು

ಇಲ್ಲಿ ಮೂರು ದೂರು ಬರುತ್ತವೆ, ಮೂರಕ್ಕೂ ಕಾರಣ ಬೇರೆ.

ಮೊದಲನೆಯದು ನಾನು ಆಗಲೇ ಹೇಳಿದ, ಮಣಿಕಟ್ಟು ಮೇಲೆ ಜಾರುವುದು. ಗ್ಲೌಸು ಹಾಕಿಕೊಂಡು ಗೇಣು ಅಳೆಯುವ ಹಾಗೆ ಹೆಬ್ಬೆರಳನ್ನು ಪೂರ್ತಿ ಅಗಲಿಸಿ. ರಿಬ್ ಸರಕ್ಕನೆ ಮೇಲಕ್ಕೆ ಬಂದರೆ ತ್ರಿಕೋನದ ಎತ್ತರ ಸಾಲದು. ಬಟ್ಟೆಗೆ ಮೇಲೆ ಹೋಗಲು ಉದ್ದವಿಲ್ಲ, ಅದಕ್ಕೆ ಕೆಳಗಿಂದ ಎಳೆದುಕೊಳ್ಳುತ್ತಿದೆ. ಅದರ ಬದಲು ಹೆಬ್ಬೆರಳ ಬುಡದಿಂದ ಕಿರುಬೆರಳ ಕಡೆಗೆ ಅಡ್ಡಡ್ಡ ನೆರಿಗೆ ಎಳೆದರೆ ಎತ್ತರ ಸರಿಯಿದೆ, ಅಗಲ ಸಾಲದು, ಇನ್ನೊಂದು ಜೊತೆ ಕುಣಿಕೆ ಹೆಚ್ಚಿಸಬೇಕಿತ್ತು. ನನ್ನ ಜೋಡಿಯಲ್ಲಿ ಒಂದು ನಡುಕುಣಿಕೆಯ ಎರಡೂ ಪಕ್ಕ ಮೂರು ಸುತ್ತಿಗೊಮ್ಮೆ ಒಂದೊಂದು ಹೆಚ್ಚಿಸುತ್ತ, ಆರು ಸಲಕ್ಕೆ 13 ಮಾಡುತ್ತೇನೆ. 18 ಸುತ್ತು, ಸುಮಾರು 6 ಸೆಂ.ಮೀ. ಮಾವನವರ ಕೈ ಉದ್ದ, ಅವರಿಗೆ 13 ಆದ ಮೇಲೂ ಮೂರು ಸುತ್ತು ಸುಮ್ಮನೆ ಹೆಣೆದೇ ಹೆಬ್ಬೆರಳ ಕುಣಿಕೆಗಳನ್ನು ಬೇರೆ ನೂಲಿಗೆ ಪೋಣಿಸಿ ಪಕ್ಕಕ್ಕಿಡುವುದು. ಎಣಿಕೆ ತಾಳೆ ನೋಡಿಕೊಳ್ಳಿ: 52 ಆಗಿರುತ್ತದೆ, 13 ತೆಗೆದರೆ 39, ಆ ಜಾಗದಲ್ಲಿ ಹೊಸದಾಗಿ ಒಂದು ಏರಿಸಿದರೆ ಮತ್ತೆ 40.

ಎರಡನೆಯದು ತ್ರಿಕೋನದ ಎರಡೂ ಅಂಚಿಗೆ ಸಾಲಾಗಿ ಸಣ್ಣ ತೂತು. ಎರಡು ಕುಣಿಕೆಯ ನಡುವಿನ ಎಳೆಯನ್ನು ಎತ್ತಿ ಹೊಸ ಕುಣಿಕೆ ಮಾಡುವಾಗ ಅದನ್ನು ತಿರುಚದೆ ಹಾಗೇ ಹೆಣೆದಿದ್ದೀರಿ. ತಿರುಚುವುದು ತಪ್ಪು ಎಂದು ಇಷ್ಟು ಹೊತ್ತು ಹೇಳಿದವಳು ನಾನೇ. ಇಲ್ಲಿ ಮಾತ್ರ ತಿರುಚಲೇಬೇಕು. ಮುಗಿದುಹೋಗಿದ್ದರೆ ಬಿಡಿ. ಎರಡು ಕೈಗೂ ಒಂದೇ ಥರ ತೂತಿದ್ದರೆ ಜನ ಡಿಸೈನ್ ಎಂದುಕೊಳ್ಳುತ್ತಾರೆ.

ಮೂರನೆಯದು ಹೆಬ್ಬೆರಳು ಅಂಗೈಗೆ ಸೇರುವ ಸಂದಿನಲ್ಲಿ ಬೆರಳು ತೂರುವಷ್ಟು ದೊಡ್ಡ ತೂತು. ಇದು ಆಗದವರು ಇಲ್ಲ. ಹದಿಮೂರನ್ನು ಪಕ್ಕಕ್ಕೆ ಇಟ್ಟು ಅಂಗೈ ಮುಂದುವರಿಸಿದಾಗ ಎರಡು ಮೂಲೆಯಲ್ಲೂ ಎಳೆ ಜಗ್ಗುತ್ತದೆ, ಆ ಮೂಲೆ ಯಾವ ಕುಣಿಕೆಗೂ ಸೇರಿರುವುದಿಲ್ಲ. ಹೆಬ್ಬೆರಳಿಗೆ ವಾಪಸ್ಸು ಬಂದಾಗ ನಡುವೆ ಏರಿಸಿದ ಒಂದನ್ನು ಮಾತ್ರ ಎತ್ತಿಕೊಂಡರೆ ಎರಡು ಮೂಲೆ ಬಾಯಿಬಿಟ್ಟುಕೊಂಡೇ ಉಳಿಯುತ್ತದೆ. ಮೂರು ಎತ್ತಿಕೊಳ್ಳಿ: ಒಂದು ಮೂಲೆ, ನಡುವಿನದು, ಇನ್ನೊಂದು ಮೂಲೆ. ಮೂಲೆಯ ಎಳೆಯನ್ನು ತಿರುಚಿಯೇ ಹೆಣೆಯಿರಿ. ಹದಿನಾರಾಯಿತು. ಮುಂದಿನ ಸುತ್ತಿನಲ್ಲಿ ಆ ಎರಡು ಮೂಲೆ ಕುಣಿಕೆಯನ್ನು ತಮ್ಮ ಪಕ್ಕದ ಹೆಬ್ಬೆರಳ ಕುಣಿಕೆಯೊಂದಿಗೆ ಸೇರಿಸಿ ಹೆಣೆದರೆ ಹದಿನಾಲ್ಕಕ್ಕೆ ಬಂತು, ತೂತು ಮುಚ್ಚಿತು. ಹೆಬ್ಬೆರಳಿಗೆ ಹೊಸ ನೂಲು ಶುರುಮಾಡುವಾಗ ಬಾಲ ಒಂದು ಗೇಣು ಉದ್ದ ಬಿಟ್ಟಿರಿ. ಆಮೇಲೂ ಸಣ್ಣ ಸಂದು ಉಳಿದಿದ್ದರೆ ಅದೇ ಬಾಲವನ್ನು ಮೊಂಡು ಸೂಜಿಗೆ ಪೋಣಿಸಿ, ಒಳಮಗ್ಗುಲಿನಿಂದ ಎಂಟರ ಆಕಾರದಲ್ಲಿ ಒಂದು ಸುತ್ತು ಹಾಕಿ ಎಳೆದುಬಿಡಬಹುದು. ಬಾಲವನ್ನು ಎರಡು ಇಂಚಿಗೆ ಕತ್ತರಿಸಿ ತರುವವರಿಗೆ ಮಾತ್ರ ನನ್ನ ಹತ್ತಿರ ಮದ್ದಿಲ್ಲ.

ಚಿಲ್ಲರೆ ಕಾಯಿಲೆಗಳು

ನಲವತ್ತು ಇದ್ದದ್ದು ನಲವತ್ತೆರಡಾಯಿತು: ರಿಬ್ಬಿನಲ್ಲಿ ನಿಟ್ಟಿನಿಂದ ಪರ್ಲಿಗೆ ಹೋಗುವಾಗ ನೂಲನ್ನು ಕಡ್ಡಿಗಳ ಸಂದಿನಿಂದ ಮುಂದಕ್ಕೆ ತರುವ ಬದಲು ಕಡ್ಡಿಯ ಮೇಲೇರಿಸಿ ತಂದಿದ್ದೀರಿ. ಈ ಸುತ್ತಿನದೇ ಆಗಿದ್ದರೆ ಆ ಸುಳ್ಳು ಕುಣಿಕೆಯನ್ನು ಕಡ್ಡಿಯಿಂದ ಬೀಳಿಸಿಬಿಡಿ, ಏನೂ ಆಗದು. ಮೂವತ್ತೊಂಬತ್ತಾಗಿದ್ದರೆ ಎಲ್ಲೋ ಒಂದು ಜಾರಿದೆ. ಕ್ರೋಶಾ ಕಡ್ಡಿಯಲ್ಲಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿಸಿ.

ಇಡೀ ಗ್ಲೌಸು ಪಟ್ಟಿಯ ಹಾಗೆ ಒಂದು ಮಡಿಕೆ ತಿರುಗಿ ಸೇರಿಕೊಂಡಿದ್ದರೆ, ಸುತ್ತು ಜೋಡಿಸುವಾಗ ಕುಣಿಕೆಗಳು ಕಡ್ಡಿಯ ಮೇಲೆ ಸುತ್ತಿಕೊಂಡಿದ್ದವು. ಒಂದೇ ಸುತ್ತು ಆಗಿದ್ದರೆ ಜೋಡಿಸಿದ ಜಾಗದಲ್ಲಿ ತಿರುವನ್ನು ಬಿಡಿಸಿಕೊಳ್ಳಬಹುದು. ಐದು ಸುತ್ತಾಗಿದ್ದರೆ ಬಿಚ್ಚಿ.

ನಿಟ್ ಮುಖ ಒಳಗೆ ಬರುತ್ತಿದ್ದರೆ ಅದು ದೋಷವೇ ಅಲ್ಲ. ನೀವು ಸುತ್ತಿನ ಆಚೆ ಬದಿಯಲ್ಲಿ ಕೂತು ಹೆಣೆಯುತ್ತಿದ್ದೀರಿ. ತಿರುಗಿಸಿಕೊಂಡರಾಯಿತು.

ಎರಡು ಕೈ ಎರಡು ಅಳತೆ ಆದಾಗ ಮೊದಲು ಸುತ್ತು ಎಣಿಸಿ. ಎಣಿಕೆಯೂ ಒಂದೇ ಆಗಿದ್ದರೆ ಹೆಣೆದ ಹೊತ್ತು ನೆನಪಿಸಿಕೊಳ್ಳಿ. ಹೋದ ವರ್ಷ ನನ್ನ ಎಡಗೈ ಗ್ಲೌಸು ಬಲಗೈಗಿಂತ ಒಂದು ಬೆರಳು ಸಣ್ಣದಾಯಿತು. ಬಲಗೈಯದು ಮಂಡ್ಯದಲ್ಲಿ ತಂಗಿ ಮನೆ ಜಗುಲಿಯಲ್ಲಿ ಹರಟೆ ಹೊಡೆಯುತ್ತ ಹೆಣೆದದ್ದು, ಎಡಗೈಯದು ಮಗನ ಪರೀಕ್ಷೆ ಫಲಿತಾಂಶ ಬರುವ ದಿನ. ಈಗ ಒಂದು ಮುಗಿದ ದಿನವೇ ಇನ್ನೊಂದರ ರಿಬ್ ಶುರುಮಾಡುತ್ತೇನೆ, ಸುತ್ತಿನ ಎಣಿಕೆಯನ್ನು ಕ್ಯಾಲೆಂಡರಿನ ಮೇಲೆ ಗೀಟು ಹಾಕಿ ಬರೆದಿಡುತ್ತೇನೆ. ಹಿಂಗೈ ಮೇಲೆ ಜಡೆಯೋ ಬಳ್ಳಿಯೋ ಹಾಕುವವರು ಎರಡನೆಯದರಲ್ಲಿ ಹೆಬ್ಬೆರಳನ್ನು ಎದುರು ಬದಿಗೆ ಇಡಲು ಮರೆಯಬೇಡಿ, ಇಲ್ಲವಾದರೆ ಎರಡು ಎಡಗೈ ಆಗುತ್ತದೆ. ಸಾದಾ ಗ್ಲೌಸಿಗೆ ಆ ಚಿಂತೆಯಿಲ್ಲ, ಯಾವುದು ಯಾವ ಕೈಗಾದರೂ ಹೋಗುತ್ತದೆ.

ಹೆಣೆದ ಮೇಲೆ ಕೆಡುವುದು

ಮುಗಿದ ಗ್ಲೌಸಿನ ಅಂಚು ಸುರುಟಿಕೊಳ್ಳುತ್ತಿದೆ ಎಂದು ನಾನೊಮ್ಮೆ ಬಟ್ಟೆಯ ಜೊತೆ ಇಸ್ತ್ರಿಗೆ ಕಳಿಸಿದೆ. ಇದ್ದಿಲ ಪೆಟ್ಟಿಗೆಯ ಬಿಸಿಗೆ ಅಕ್ರಿಲಿಕ್ ರಿಬ್ ಹಪ್ಪಳದಂತೆ ಚಪ್ಪಟೆಯಾಗಿ ಬಂತು, ಎಳೆದರೆ ಹಿಗ್ಗಿತು, ಬಿಟ್ಟರೆ ವಾಪಸ್ಸು ಬರಲಿಲ್ಲ. ತಪ್ಪು ಇಸ್ತ್ರಿಯವರದಲ್ಲ, ನಾನು ಹೇಳಲಿಲ್ಲ. ಅಕ್ರಿಲಿಕ್ ಒಂದು ಥರದ ಪ್ಲಾಸ್ಟಿಕ್, ಬಿಸಿ ತಾಗಿ ಒಮ್ಮೆ ಸತ್ತರೆ ಮತ್ತೆ ಏಳದು. ಉಣ್ಣೆಯದಾದರೆ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ಆಕಾರ ಕೂರಿಸಿ ನೆರಳಲ್ಲಿ ಮಲಗಿಸಿ ಒಣಗಿಸಿದರೆ ಹೆಣಿಗೆಯ ಸಣ್ಣಪುಟ್ಟ ಏರುಪೇರೆಲ್ಲ ಕೂಡಿಕೊಳ್ಳುತ್ತದೆ. ಬಿಸಿನೀರಲ್ಲಿ ಉಜ್ಜಿದರೆ ಮಾತ್ರ ಕುಗ್ಗಿ ಕಂಬಳಿಯಾಗುತ್ತದೆ. ಯಾವುದು ಎಂದು ತಿಳಿಯದಿದ್ದರೆ ಒಂದು ಎಳೆ ಸುಟ್ಟು ನೋಡಿ: ಉಣ್ಣೆ ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗಿ ಪುಡಿಯಾಗುತ್ತದೆ, ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಬೆರೆಸಿದ ಉಲ್ಲನ್ನಿನಲ್ಲಿ ಎರಡೂ ಕಾಣುತ್ತದೆ, ಆಗ ಅಕ್ರಿಲಿಕ್ಕೆಂದೇ ತಿಳಿದು ಬಿಸಿ ತಾಗಿಸಬೇಡಿ.

ದೊಡ್ಡಮ್ಮ ಬಿಚ್ಚಿ ಹೆಣೆದ ಗ್ಲೌಸು ಈಗ ನೆಟ್ಟಗಿದೆ. ನಿನ್ನೆ ಮತ್ತೆ ತಂದಿದ್ದರು, ಅಂಗೈ ಭಾಗದಲ್ಲಿ ಗಟ್ಟಿಯಾದ ಹಳದಿ ಕಲೆ ತೋರಿಸಿ, "ಇದೇನು ಬಣ್ಣ ಬಿಡ್ತಾ ಇದೆಯಾ ನೋಡೇ," ಎಂದರು. ಮೂಸಿ ನೋಡಿದೆ. ತುಪ್ಪ, ಮೆಣಸು. ದೊಡ್ಡಪ್ಪ ದೇವಸ್ಥಾನದಲ್ಲಿ ಹುಗ್ಗಿಯನ್ನು ದೊನ್ನೆ ಇಲ್ಲದೆ ಕೈಗೇ ಹಾಕಿಸಿಕೊಂಡಿದ್ದಾರೆ. ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ, ಉಗುರುಬೆಚ್ಚಗಿನ ನೀರು, ಹತ್ತು ನಿಮಿಷ.